ಬೋರ್ಡಿಗೆ ಒಂದು ಇಸವಿ

ಹೋದ ತಿಂಗಳು ಒಂದು ಮಧ್ಯಾಹ್ನ ತಮ್ಮ ಫೋನ್ ಮಾಡಿದ. ಮೂರು ಗಂಟೆ ಇರಬೇಕು. ಆ ಹೊತ್ತಿಗೆ ಮಾರ್ಕೆಟ್ಟಿನಲ್ಲಿ ಗಿರಾಕಿ ಕಡಿಮೆ. ಅವನಿಗೆ ಮಾತು ಬರುವುದೇ ಆಗ. ‘ಅಕ್ಕ, ಅಂಗಡಿಗೆ ಹೊಸ ಬೋರ್ಡ್ ಮಾಡಿಸ್ತಿದೀನಿ. ಕೆಳಗೆ ಸ್ಥಾಪನೆ ಅಂತ ಇಸವಿ ಹಾಕ್ಬೇಕು. ಯಾವ್ದು ಹಾಕ್ಲಿ?’ ಅಂದ. ನನಗೆ ನಗು ಬಂತು. ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲದ ಮಳಿಗೆ ಅದು. ಹೀರೆಕಾಯಿ, ಬೀನ್ಸು, ನವಿಲುಕೋಸು, ಮುಂದೆ ಸೊಪ್ಪಿನ ಕಟ್ಟು, ಮೇಲೆ ಎರಡು ಬಾಳೆಗೊನೆ. ಇದಕ್ಕೆ ಸ್ಥಾಪನೆ ಬೇರೆ ಕೇಡು ಅಂದೆ. ಅವನು ನಗಲಿಲ್ಲ. ‘ಆಚೆ ಸಾಲಿನವ್ರು ಹಾಕ್ಸಿದಾರೆ. ಜನ ನಿಂತು ಫೋಟೊ ತೆಗೀತಾರೆ. ನಮ್ದು ಅವರಿಗಿಂತ ಹಳೇದು ಅಲ್ವಾ?’ ಅಂದ.

ಹಳೇದೇನೋ ಹೌದು. ಎಷ್ಟು ಹಳೇದು? ಸಂಜೆಗೆ ಹೇಳ್ತೀನಿ ಅಂತ ಫೋನ್ ಇಟ್ಟೆ. ಹೇಳಲು ಆಗಲಿಲ್ಲ. ಮರುದಿನವೂ ಆಗಲಿಲ್ಲ. ಆಫೀಸಿನಲ್ಲಿ ಮೀಟಿಂಗ್ ನಡೆಯುತ್ತಿದ್ದರೂ ತಲೆಯಲ್ಲಿ ಅದೇ. ಬೆಂಗಳೂರಿನಲ್ಲಿ ಯಾರಾದರೂ ಕೇಳಿದರೆ ‘ನಮ್ಮದು ಮೈಸೂರು, ದೇವರಾಜ ಮಾರ್ಕೆಟ್ಟಿನಲ್ಲಿ ತರಕಾರಿ ಅಂಗಡಿ, ನಾಲ್ಕು ತಲೆಮಾರಿಂದ’ ಅನ್ನುತ್ತೇನೆ. ಕೇಳಿದವರ ಮುಖ ಅರಳುತ್ತದೆ. ‘ವಾವ್, ಪರಂಪರೆ’ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಪದವನ್ನು ಯಾರ ಬಾಯಲ್ಲೂ ನಾನು ಕೇಳಿಲ್ಲ. ಅಜ್ಜಿ ‘ಯಾಪಾರ’ ಅನ್ನುತ್ತಿದ್ದಳು. ಅಪ್ಪ ‘ಅಂಗಡಿ’ ಅನ್ನುತ್ತಾರೆ. ಅಮ್ಮನಿಗೆ ಅದು ‘ಆ ಮಾರ್ಕೆಟ್ಟು’. ನಾಲ್ಕು ಅಂತ ನಾನು ಎಲ್ಲಿಂದ ಎಣಿಸಿದೆ ಅನ್ನುವುದು ನನಗೇ ಗೊತ್ತಿರಲಿಲ್ಲ.

ಕಾಗದದಲ್ಲಿರುವ ವರ್ಷ

ಅಪ್ಪನನ್ನು ಕೇಳಿದೆ. ಅವರು ಬೀರುವಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಬಾಡಿಗೆ ರಸೀದಿಗಳು. ಎಲ್ಲಕ್ಕಿಂತ ಹಳೆಯದು 1964ರದು, ತಾತನ ಹೆಸರಲ್ಲಿ. ಮಡಿಕೆ ಇರುವ ಕಡೆಯೆಲ್ಲ ಹರಿದಿದೆ. ಅಂಟಿಸಿದ ಟೇಪ್ ಹಳದಿ ಆಗಿದೆ. ‘ಇದೇ ಹಾಕ್ಲಿ. ನಾಳೆ ಯಾರಾದ್ರೂ ಕೇಳಿದ್ರೆ ತೋರ್ಸಕ್ಕೆ ಕಾಗದ ಇದೆ’ ಅಂದರು. ಅಪ್ಪನ ಮಾತು ಯಾವತ್ತೂ ಹೀಗೆಯೇ. ಯಾರೋ ಬಂದು ಏನೋ ಕೇಳುತ್ತಾರೆ, ನಾವು ಕಾಗದ ತೋರಿಸಬೇಕು. ನಲವತ್ತು ವರ್ಷ ಮಾರ್ಕೆಟ್ಟಿನಲ್ಲಿ ಕೂತವರಿಗೆ ಆ ಹೆದರಿಕೆ ಸುಮ್ನೆ ಬಂದದ್ದಲ್ಲ.

ಮಾರ್ಕೆಟ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಮೈಸೂರಿಗೆ ಬಂದವರೆಲ್ಲ ಕುಂಕುಮದ ಗುಡ್ಡೆ ಮುಂದೆ ನಿಂತು ಫೋಟೊ ತೆಗೆಸಿಕೊಂಡವರೇ. ಒಂದು ತುದಿಗೆ ಚಿಕ್ಕ ಗಡಿಯಾರ, ಇನ್ನೊಂದು ತುದಿಗೆ ಧನ್ವಂತರಿ ರಸ್ತೆ. ನಡುವೆ ಎಂಟುನೂರಕ್ಕೂ ಹೆಚ್ಚು ಮಳಿಗೆ. ಗಡಿಯಾರ ಕಟ್ಟಿದ್ದು 1886ರಲ್ಲಿ, ವೈಸ್‌ರಾಯ್ ಡಫರಿನ್ ಬಂದ ನೆನಪಿಗೆ. ಇದು ನನಗೆ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ಅಲ್ಲಿಯವರೆಗೆ ಅದು ಅಪ್ಪನಿಗೆ ಊಟದ ಡಬ್ಬಿ ಕೊಡಲು ಬಸ್ ಇಳಿದು ನಡೆಯುವಾಗ ಸಿಗುವ ಗುರುತು, ಅಷ್ಟೆ. 2016ರ ಆಗಸ್ಟ್‌ನಲ್ಲಿ ಧನ್ವಂತರಿ ರಸ್ತೆ ಕಡೆಯ ಭಾಗ ಕುಸಿಯಿತಲ್ಲ, ಅವತ್ತಿನಿಂದ ಕೆಡವಬೇಕು, ಕೆಡವಬಾರದು ಅನ್ನುವ ಜಗ್ಗಾಟ. ಕಮಿಟಿ, ಕೋರ್ಟು, ಪೇಪರಿನಲ್ಲಿ ಫೋಟೊ. ಕೆಡವಿದರೆ ಹೊಸ ಕಟ್ಟಡದಲ್ಲಿ ಎಷ್ಟು ಬಾಡಿಗೆ, ಯಾವ ಮೂಲೆ ಅಂತ ಅಪ್ಪನ ಚಿಂತೆ. ಅಂಥ ಕಟ್ಟಡದ ಮೇಲೆ ತಮ್ಮ ‘ಸ್ಥಾಪನೆ’ ಬರೆಸಲು ಹೊರಟಿದ್ದ.

ತಾತ ಮಳಿಗೆ ಹಿಡಿದಾಗ ಕೆಜಿ ಇನ್ನೂ ಹೊಸದು. ಅವರ ಹಳೆಯ ವೀಸೆ ಬಟ್ಟು ಒಂದು ನಮ್ಮ ಹಿತ್ತಲ ಬಾಗಿಲಿಗೆ ಆನಿಸಿಡಲು ಈಗಲೂ ಇದೆ. ಹೆಂಗಸರು ಬಂದು ‘ಒಂದು ವೀಸೆ ಬದನೆ’ ಅನ್ನೋರಂತೆ. ತಾತ ಮನಸ್ಸಿನಲ್ಲೇ ಲೆಕ್ಕ ಹಾಕಿ ಒಂದು ಕೆಜಿ ನಾನೂರು ಗ್ರಾಂ ತೂಗಿ, ಮೇಲೆ ಒಂದು ಕಾಯಿ ಹಾಕೋರಂತೆ. ಮೇಲೆ ಹಾಕುವ ಆ ಒಂದು ಕಾಯಿಗೆ ಕೊಸರು ಅಂತ ಹೆಸರು. ಕೊಸರು ಕೊಡುವುದು ಧಾರಾಳ ಅಂತ ಹೊರಗಿನವರು ತಿಳಿದಿದ್ದಾರೆ. ತಕ್ಕಡಿ ನಮ್ಮ ಕೈಯಲ್ಲಿರುತ್ತದೆ, ಗಿರಾಕಿಗೆ ಅನುಮಾನ ಇದ್ದೇ ಇರುತ್ತದೆ. ಆ ಅನುಮಾನ ಬಾಯಿಗೆ ಬರುವ ಮೊದಲೇ ಒಂದು ಕಾಯಿ ಹಾಕಿ ಮುಚ್ಚಿಬಿಡುವುದು. ಇದು ತಾತ ಅಪ್ಪನಿಗೆ ಹೇಳಿದ್ದು, ಅಪ್ಪ ತಮ್ಮನಿಗೆ ಹೇಳಿದ್ದು. ನನಗೆ ಯಾರೂ ಹೇಳಲಿಲ್ಲ. ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ.

ಹಣ್ಣಿನಲ್ಲಿ ತಾತನ ಪ್ರಾಣ ಇದ್ದದ್ದು ನಂಜನಗೂಡು ರಸಬಾಳೆಯಲ್ಲಿ. ಗೊನೆ ಬಂದ ದಿನ ಮನೆಗೆ ಬಂದರೂ ಅಂಗಿಯಲ್ಲಿ ವಾಸನೆ ಇರುತ್ತಿತ್ತಂತೆ. ಸೊರಗು ರೋಗ ಬಂದು ತೋಟಗಳೇ ಹೋದವು. ಆಮೇಲೆ ಭೌಗೋಳಿಕ ಸೂಚಿ ಸಿಕ್ಕಿತು, ಹಣ್ಣು ಮಾತ್ರ ಅಪರೂಪವಾಯಿತು. ಈಗ ಯಾವುದೋ ಬಾಳೆಗೆ ‘ರಸಬಾಳೆ’ ಅಂತ ಚೀಟಿ ಅಂಟಿಸಿ ಮಾರುವವರು ಬೇಕಾದಷ್ಟು. ನಮ್ಮ ಅಂಗಡಿಯಲ್ಲಿ ಮೇಲೆ ತೂಗುವ ಗೊನೆ ಏಲಕ್ಕಿ ಬಾಳೆ, ಪಚ್ಚಬಾಳೆ. ಯಾರಾದರೂ ‘ರಸಬಾಳೆ ಇದ್ಯಾ?’ ಅಂದರೆ ಅಪ್ಪ ‘ನಮ್ಮಪ್ಪನ ಕಾಲಕ್ಕೆ ಬಂದಿದ್ರೆ ಸಿಗ್ತಿತ್ತು’ ಅನ್ನುತ್ತಾರೆ. ಗಿರಾಕಿ ನಕ್ಕು ಅರ್ಧ ಕೆಜಿ ಏಲಕ್ಕಿ ತಗೊಂಡು ಹೋಗುತ್ತಾರೆ.

ನಯಾಪೈಸೆ ಬಂದ ವರ್ಷ

1964 ಹಾಕಿಬಿಡೋಣ ಅಂತ ನಾನೂ ಅಂದುಕೊಂಡೆ. ಅಮ್ಮ ಅಡುಗೆಮನೆಯಿಂದಲೇ ಒಂದು ಮಾತು ಬಿಟ್ಟಳು. ‘ಮಾವ ಮಳಿಗೆ ಹಿಡಿಯೋಕೆ ದುಡ್ಡು ಎಲ್ಲಿಂದ ತಂದ್ರು, ಅದನ್ನ ಕೇಳು ನಿಮ್ಮಪ್ಪನ್ನ.’ ಅಪ್ಪ ರಸೀದಿ ಮಡಚಿಟ್ಟರು.

ದುಡ್ಡು ಬಂದದ್ದು ಅಜ್ಜಿಯ ಬುಟ್ಟಿಯಿಂದ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿಯೇ. ಗೊತ್ತಿದ್ದರೂ ತಲೆಮಾರು ಎಣಿಸುವಾಗ ನಾವು ಮುತ್ತಾತ, ತಾತ, ಅಪ್ಪ, ತಮ್ಮ ಅನ್ನುತ್ತೇವೆ. ನಾಲ್ಕು ಅಂತ ನಾನು ಹೇಳುತ್ತಿದ್ದದ್ದು ಇದೇ ಲೆಕ್ಕ. ಮುತ್ತಾತ ಮಾರಿದವರಲ್ಲ. ಈರನಗೆರೆ ಕಡೆ ಯಾರದೋ ತೋಟದಲ್ಲಿ ಬದನೆ ಬೆಳೆಯುತ್ತಿದ್ದರು, ಕೂಲಿಗೆ. ಈರನಗೆರೆ ಬದನೆ ಅಂದರೆ ಮೈಸೂರಿನವರ ಬಾಯಲ್ಲಿ ಈಗಲೂ ನೀರು ಬರುತ್ತದೆ. ಬೆಳೆದವರ ಮನೆಗೆ ಬಂದದ್ದು ಹುಳುಕು ಬದನೆ. ತಾತ ಮಳಿಗೆಗೆ ಮೊದಲು ಒಂದು ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದರು. ಮಾರುವುದನ್ನು ಮನೆಗೆ ತಂದವಳು ಅಜ್ಜಿ.

ಅಜ್ಜಿಗೆ ಇಸವಿ ಗೊತ್ತಿರಲಿಲ್ಲ. ಆದರೆ ಲೆಕ್ಕ ಗೊತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ, ಗಣಿತದ ಪುಸ್ತಕ ಹಿಡಿದು ಕೂತಿದ್ದೆ. ಅಜ್ಜಿ ಎದುರಿಗೆ ಕಾಲು ಚಾಚಿ ಕೂತು ಮಾರನೇ ದಿನದ ಸೊಪ್ಪು ಕಟ್ಟುತ್ತಿದ್ದಳು. ಬಾಳೆನಾರು ನೀರಲ್ಲಿ ನೆನೆಸಿ, ಒಂದು ತುದಿ ಹಲ್ಲಲ್ಲಿ ಕಚ್ಚಿ ಸೀಳೋಳು. ಬೇರಿನ ಮಣ್ಣು ಒದರಿ, ಕಟ್ಟಿನ ಹೊಟ್ಟೆಗೆ ಸಣ್ಣ ಗಿಡ ಸೇರಿಸಿ, ಸುತ್ತ ಎತ್ತರದ್ದು ಇಟ್ಟು, ನಾರು ಎರಡು ಸುತ್ತು ಸುತ್ತಿ ತಿರುಚಿ ಸಿಕ್ಕಿಸೋಳು. ಗಂಟು ಹಾಕುತ್ತಿರಲಿಲ್ಲ. ಗಂಟು ಹಾಕಿದರೆ ಬಿಚ್ಚುವಾಗ ಕಾಂಡ ಮುರಿಯುತ್ತದೆ. ‘ಅದೇನ್ ಲೆಕ್ಕ ಮಗಾ?’ ಅಂದಳು. ಭಿನ್ನರಾಶಿ ಅಂದೆ. ಹಾಗಂದರೇನು ಅಂದಳು. ಕಾಲು, ಅರೆ, ಮುಕ್ಕಾಲು ಅಂದೆ. ಸೊಪ್ಪು ಕೆಳಗಿಟ್ಟು ನಕ್ಕಳು.

‘ಕಾಲು ಪೈಸೆ ಲೆಕ್ಕ ನಂಗೆ ಯೋಳ್ಕೊಡೋಕೆ ಬಂದ್ಲು’ ಅಂದು ಶುರು ಮಾಡಿದಳು. ಹೊಸ ಕಾಸು ಬಂದಾಗ ಅವಳು ಬುಟ್ಟಿ ಹೊತ್ತು ಒಂದು ವರ್ಷ ಆಗಿತ್ತಂತೆ. ಅಲ್ಲಿಯವರೆಗೆ ಸೊಪ್ಪಿನ ದೊಡ್ಡ ಕಟ್ಟಿಗೆ ಒಂದಾಣೆ. ರೂಪಾಯಿಗೆ ಹದಿನಾರಾಣೆ, ಹದಿನಾರು ಕಟ್ಟು. ಹೊಸ ಕಾಸಿನಲ್ಲಿ ರೂಪಾಯಿಗೆ ನೂರು ನಯಾಪೈಸೆ. ಹಾಗಾದರೆ ಒಂದಾಣೆಗೆ ಆರೂಕಾಲು ಪೈಸೆ ಆಗಬೇಕು. ಕಾಲು ಪೈಸೆ ನಾಣ್ಯ ಇಲ್ಲ. ಆಣೆಗೆ ಆರು ಪೈಸೆ ಅಂತ ಸರ್ಕಾರವೇ ಪಟ್ಟಿ ಮಾಡಿತು. ಅಗ್ರಹಾರದ ಅಮ್ಮಂದಿರು ಆರು ಪೈಸೆ ಎಣಿಸಿ ಇಟ್ಟರು. ಅಜ್ಜಿಗೆ ಒಂದು ಕಟ್ಟಿಗೆ ಕಾಲು ಪೈಸೆ ಹೋಯಿತು. ದಿನಕ್ಕೆ ಅರವತ್ತು ಕಟ್ಟು. ಹದಿನೈದು ಪೈಸೆ. ಎರಡು ಕಟ್ಟಿಗಿಂತ ಜಾಸ್ತಿ.

ಒಂದು ವಾರ ಸುಮ್ಮನಿದ್ದಳಂತೆ. ಆಮೇಲೆ ನಾಲ್ಕು ಬಗೆ ಸೊಪ್ಪನ್ನು ನಾಲ್ಕು ಕಟ್ಟು ಮಾಡಿ, ನಾಲ್ಕನ್ನೂ ಸೇರಿಸಿ ಒಂದು ಹೊರೆ ಕಟ್ಟಿದಳು. ದಂಟು, ಸಬ್ಬಸಿಗೆ, ಮೆಂತ್ಯ, ಹೊನಗೊನೆ. ‘ಬಿಡಿಯಾಗಿ ಇಲ್ಲ ತಾಯಿ, ಮಸ್ಸೊಪ್ಪಿಗೆ ಅಂತ ಕಟ್ಟಿವ್ನಿ, ನಾಕಾಣೆ’ ಅಂದಳು. ನಾಲ್ಕಾಣೆಗೆ ಸರಿಯಾಗಿ ಇಪ್ಪತ್ತೈದು ಪೈಸೆ. ಬಿಡಿಬಿಡಿಯಾಗಿ ಮಾರಿದರೆ ಇಪ್ಪತ್ತನಾಲ್ಕು. ಅವರು ಮಸ್ಸೊಪ್ಪು ಮಾಡಿದರು, ಇವಳ ಕಾಲು ಪೈಸೆ ವಾಪಸ್ ಬಂತು. ‘ಇದ್ನ ಯಾವ ಇಸ್ಕೂಲಲ್ಲಿ ಯೋಳ್ಕೊಡ್ತಾರೆ?’ ಅಂದಳು.

ನಯಾಪೈಸೆ ಬಂದದ್ದು 1957ರ ಏಪ್ರಿಲ್ ಒಂದಕ್ಕೆ. ಅದಕ್ಕೆ ಒಂದು ವರ್ಷ ಹಿಂದೆ ಅಂದರೆ 1956. ಅವಳಿಗೆ ಆಗ ಹತ್ತೊಂಬತ್ತೋ ಇಪ್ಪತ್ತೋ. ಅಪ್ಪ ಇನ್ನೂ ಹುಟ್ಟಿರಲಿಲ್ಲ, ದೊಡ್ಡಪ್ಪ ಸೊಂಟದಲ್ಲಿ. ನಸುಕಿಗೇ ತೋಟಕ್ಕೆ ಹೋಗಿ ಸೊಪ್ಪು ಕಿತ್ತು, ಕಾಲುವೆಯಲ್ಲಿ ಜಾಲಿಸಿ, ಬುಟ್ಟಿ ತುಂಬಿ, ಮೇಲೆ ಒದ್ದೆ ಗೋಣಿ ಹೊದಿಸಿ, ಕೃಷ್ಣಮೂರ್ತಿಪುರ, ಲಕ್ಷ್ಮೀಪುರಂವರೆಗೆ ನಡೆಯೋಳು. ಅಷ್ಟು ಮನೆಗೆ ಹೋದರೂ ಒಂದು ಮನೆಯ ಒಳಗೂ ನೋಡಿಲ್ಲ ಅಂತ ಹೇಳಿದ್ದಳು. ಜಗಲಿಯವರೆಗೆ. ಕಾಸನ್ನು ಜಗಲಿ ಮೇಲೆ ಇಡೋರು, ಇವಳು ಎತ್ತಿಕೊಳ್ಳೋಳು. ಸೊಪ್ಪಿಗೆ ನೀರು ಚಿಮುಕಿಸಿ ಒಳಗೆ ತಗೊಳ್ಳೋರು. ಬೇಜಾರಾಗ್ತಿರಲಿಲ್ವಾ ಅಜ್ಜಿ ಅಂದಿದ್ದಕ್ಕೆ, ‘ಬೇಜಾರು ಮಾಡ್ಕಂಡ್ರೆ ಸೊಪ್ಪು ಬಾಡೋಗಲ್ವಾ?’ ಅಂದಳು. ಅದು ಉತ್ತರ ಅಲ್ಲ. ಉತ್ತರ ಕೊಡಲು ಇಷ್ಟ ಇರಲಿಲ್ಲ ಅಂತ ಈಗ ಅನ್ನಿಸುತ್ತದೆ.

ತಮ್ಮನಿಗೆ ಫೋನ್ ಮಾಡಿ 1956 ಅಂದೆ. ‘ಅದಕ್ಕೆ ಪ್ರೂಫ್ ಏನಿದೆ ಅಕ್ಕ?’ ಅಂದ. ಅಪ್ಪನ ಮಗನೇ.

ಮಿಕ್ಕಿದ್ದು ನಮಗೆ

ತರಕಾರಿ ಮಾರುವವರ ಮನೆಯಲ್ಲಿ ದಿನಾ ತಾಜಾ ತರಕಾರಿ ಊಟ ಅಂತ ನನ್ನ ಸ್ನೇಹಿತರು ತಿಳಿದಿದ್ದರು. ನಿಜ ಹೇಳಬೇಕಂದರೆ ನಾನು ತಾಜಾ ಬೀನ್ಸು ತಿಂದದ್ದು ಹಾಸ್ಟೆಲ್ಲಿಗೆ ಹೋದ ಮೇಲೆ. ಎಳೆ ಬೀನ್ಸು ದುಡ್ಡು, ಬಲಿತ ಬೀನ್ಸು ಊಟ. ರಾತ್ರಿ ಅಪ್ಪ ಬರುವಾಗ ಚೀಲದಲ್ಲಿ ಬರುತ್ತಿದ್ದದ್ದು ಅರ್ಧ ಕೊಯ್ದ ಕುಂಬಳ, ತುದಿ ಕಪ್ಪಾದ ಹೀರೆಕಾಯಿ, ಸಿಪ್ಪೆ ಬಿರಿದ ಟೊಮೊಟೊ, ನಾರು ಜಾರಿದ ಸೊಪ್ಪು. ಅಮ್ಮ ಎಲ್ಲವನ್ನೂ ಕೆಳಗೆ ಸುರಿದು, ಚಾಕು ಹಿಡಿದು ಕೂರೋಳು. ಕೆಟ್ಟದ್ದು ಕಳೆದು ಉಳಿದಷ್ಟು ಬಸ್ಸಾರಿಗೆ. ಯಾವ ದಿನ ಯಾವ ಸಾರು ಅನ್ನುವುದನ್ನು ತೀರ್ಮಾನ ಮಾಡುತ್ತಿದ್ದದ್ದು ಗಿರಾಕಿಗಳು. ಯಾಪಾರ ಚೆನ್ನಾಗಿ ಆದ ದಿನ ಮನೆಯಲ್ಲಿ ಬರೀ ಹುರುಳಿ ಸಾರು. ನಾವು ಮಕ್ಕಳು ಒಳಗೊಳಗೇ ಯಾಪಾರ ಕೆಡಲಿ ಅಂತ ಬೇಡಿಕೊಂಡದ್ದೂ ಇದೆ, ಅದರಲ್ಲೂ ಅವರೆಕಾಯಿ ಕಾಲದಲ್ಲಿ. ಮಿಕ್ಕರೆ ಹಿತಕಿದ ಬೇಳೆ ಸಾರು.

ಈ ಯಾಪಾರದಲ್ಲಿ ಬೆಲೆ ಅನ್ನುವುದು ಗಂಟೆಗೊಂದು. ಬೆಳಗ್ಗೆ ಮಂಡಿಯಲ್ಲಿ ಕೊಟ್ಟ ದುಡ್ಡು ಹತ್ತು ಗಂಟೆಯೊಳಗೆ ವಾಪಸ್ ಬರಬೇಕು. ಮಧ್ಯಾಹ್ನದ ದುಡ್ಡು ಬಾಡಿಗೆಗೆ, ಆಟೊಗೆ. ಸಂಜೆಯದು ಮನೆಗೆ, ಉಳಿದರೆ. ಕತ್ತಲಾದ ಮೇಲೆ ಸೊಪ್ಪಿಗೆ ಮರ್ಯಾದೆ ಇಲ್ಲ ಅನ್ನುತ್ತಾರೆ ಅಪ್ಪ. ಬೆಲೆ ಏರಿದರೆ ನಮಗೆ ಲಾಭ ಅಂತ ಜನ ತಿಳಿಯುತ್ತಾರೆ. 2023ರ ಜುಲೈನಲ್ಲಿ ಟೊಮೊಟೊ ನೂರು ದಾಟಿತಲ್ಲ, ಆಗ ಗಿರಾಕಿಗಳು ತಮ್ಮನನ್ನು ಕಳ್ಳನ ಥರ ನೋಡಿದರು. ಅವನು ಒಂದು ಕ್ರೇಟಿಗೆ ಮೂರು ಕ್ರೇಟಿನ ದುಡ್ಡು ಹಾಕಿದ್ದ. ಜನ ನಾಲ್ಕು ಹಣ್ಣು, ಐದು ಹಣ್ಣು ಅಂತ ತಗೊಂಡರು. ತಳದಲ್ಲಿದ್ದ ಎರಡು ಕೆಜಿ ಕೊಳೆತದ್ದಕ್ಕೇ ಲಾಭ ಹೋಯಿತು. ಓಣಂ ಮುಂಚೆಯೂ ಹೀಗೆಯೇ. ಗುಂಡ್ಲುಪೇಟೆ, ತೆರಕಣಾಂಬಿ ಕಡೆಯ ಮಾಲು ಗಾಡಿ ಹತ್ತಿ ಕೇರಳಕ್ಕೆ ಹೊರಡುತ್ತದೆ. ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟು ಮುಚ್ಚುವ ಮೊದಲು ದಾಟಬೇಕು ಅಂತ ಅವರಿಗೆ ಅವಸರ. ಇಲ್ಲಿ ನಮಗೆ ಉಳಿಯುವುದು ಅವರು ಬಿಟ್ಟದ್ದು, ಅದೂ ಅವರ ರೇಟಿಗೆ.

ನಾನು ಯಾಪಾರಕ್ಕೆ ಕೂತದ್ದು ಒಂದೇ ದಿನ. ಆರನೇ ಕ್ಲಾಸಿನ ದಸರಾ ರಜ. ಆಯುಧಪೂಜೆ ಹಿಂದಿನ ದಿನ. ಬೂದುಗುಂಬಳ, ನಿಂಬೆಹಣ್ಣು, ಬಾಳೆಕಂದು ಅಂತ ಓಣಿಯಲ್ಲಿ ಕಾಲಿಡಲು ಜಾಗ ಇಲ್ಲ. ಅಪ್ಪನಿಗೆ ಕೈ ಸಾಲದೆ ನನ್ನನ್ನು ಟೊಮೊಟೊ ಗುಡ್ಡೆ ಪಕ್ಕ ಕೂರಿಸಿದರು. ಎರಡು ಗುಡ್ಡೆ ಇತ್ತು. ಒಂದು ಅವತ್ತಿನದು, ಒಂದು ಹಿಂದಿನ ದಿನದ್ದು. ಹಿಂದಿನ ದಿನದ್ದನ್ನು ಬಟ್ಟೆಯಲ್ಲಿ ಒರೆಸಿ ಮುಂದೆ ಇಟ್ಟಿದ್ದರು. ನಮ್ಮ ಸ್ಕೂಲಿನ ಮಿಸ್ ಬಂದರು. ನನ್ನ ನೋಡಿ ಕೆನ್ನೆ ಸವರಿ, ಮುಂದಿನ ಗುಡ್ಡೆಗೆ ಕೈ ಹಾಕಿದರು. ‘ಮಿಸ್, ಅದು ನೆನ್ನೆದು. ಇದು ತಗೊಳ್ಳಿ’ ಅಂದುಬಿಟ್ಟೆ.

ಮಿಸ್ ಪಕ್ಕದಲ್ಲಿ ಇನ್ನೂ ಮೂವರು ನಿಂತಿದ್ದರು. ಮೂವರೂ ಹಿಂದಿನ ಗುಡ್ಡೆಗೇ ಕೈ ಹಾಕಿದರು. ಅಪ್ಪ ಏನೂ ಹೇಳಲಿಲ್ಲ. ತೂಗಿದರು, ಕೊಸರು ಹಾಕಿದರು, ಮಿಸ್ ಹತ್ತಿರ ದುಡ್ಡು ಬೇಡ ಅಂದರು, ಆಮೇಲೆ ತಗೊಂಡರು. ಜನ ಕರಗಿದ ಮೇಲೆ ನನ್ನ ಕಡೆ ತಿರುಗಿದರು. ಏಟು ಬೀಳುತ್ತದೆ ಅಂತ ಕಣ್ಣು ಮುಚ್ಚಿಕೊಂಡೆ. ‘ನಿಂಗೆ ಯಾಪಾರ ಬರಲ್ಲ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಒಳ್ಳೇದಾಯ್ತು’ ಅಂದರು. ಅವತ್ತಿನಿಂದ ನಾನು ತಕ್ಕಡಿ ಮುಟ್ಟಿಲ್ಲ. ತಮ್ಮನನ್ನೂ ಮುಟ್ಟಲು ಬಿಟ್ಟಿರಲಿಲ್ಲ. ಡಿಪ್ಲೊಮಾ ಮಾಡಿಸಿದರು, ಫ್ಯಾಕ್ಟರಿ ಕೆಲಸಕ್ಕೆ ಸೇರಿಸಿದರು. 2020ರಲ್ಲಿ ಕೆಲಸ ಹೋಯಿತು, ತಮ್ಮ ಬಂದು ಅಪ್ಪನ ಪಕ್ಕ ಕೂತ. ‘ಸ್ವಲ್ಪ ದಿನ’ ಅಂದಿದ್ದ.

ಹಾಗೆ ನೋಡಿದರೆ ನಮ್ಮ ಮನೆಯಲ್ಲಿ ಈ ಯಾಪಾರ ಮುಂದುವರಿಯಲಿ ಅಂತ ಯಾರೂ ಬಯಸಿರಲಿಲ್ಲ. ಅಜ್ಜಿ ಬುಟ್ಟಿ ಹೊತ್ತದ್ದು ತಾತ ಮೂಟೆ ಹೊರುವುದು ತಪ್ಪಲಿ ಅಂತ. ತಾತ ಮಳಿಗೆ ಹಿಡಿದದ್ದು ಅಜ್ಜಿ ಬೀದಿ ಸುತ್ತುವುದು ತಪ್ಪಲಿ ಅಂತ. ಅಪ್ಪ ಕೂತದ್ದು ನಾವು ಕೂರದೆ ಇರಲಿ ಅಂತ. ಪ್ರತಿಯೊಬ್ಬರೂ ಇಲ್ಲಿಂದ ಒಬ್ಬರನ್ನು ಆಚೆ ದಾಟಿಸಲು ನೋಡಿದವರೇ. ನಾನು ದಾಟಿದೆ. ಆಚೆ ದಡದಲ್ಲಿ ನಿಂತು ‘ನಾಲ್ಕು ತಲೆಮಾರು’ ಅಂತ ಹೆಮ್ಮೆಯಿಂದ ಹೇಳುತ್ತಿದ್ದೇನೆ. ಹೇಳುವವಳು ನಾನು, ನಾಲ್ಕು ಗಂಟೆಗೆ ಎದ್ದು ಬಂಡೀಪಾಳ್ಯದ ಯಾರ್ಡಿಗೆ ಹೋಗುವವನು ಅವನು. ಅವನಿಗೆ ಇಸವಿ ಬೇಕು ಅನ್ನಿಸಿದ್ದರಲ್ಲಿ ತಪ್ಪೇನಿದೆ?

ಬೋರ್ಡು ಬಂತು

ಮೊನ್ನೆ ಊರಿಗೆ ಹೋಗಿದ್ದೆ. ಬಸ್ ಇಳಿದು ನೇರ ಮಾರ್ಕೆಟ್ಟಿಗೆ ಹೋದೆ. ಬೋರ್ಡು ಏರಿತ್ತು. ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರ. ಮೇಲೆ ‘ಶ್ರೀ ಚಾಮುಂಡೇಶ್ವರಿ ಪ್ರಸನ್ನ’, ನಡುವೆ ಅಂಗಡಿ ಹೆಸರು, ಕೆಳಗೆ ‘ಸ್ಥಾಪನೆ:’ ಅಂತ ಬರೆದು ಮುಂದೆ ಖಾಲಿ. ಆ ಖಾಲಿ ಜಾಗಕ್ಕೆ ಸರಿಯಾಗಿ ದುಡ್ಡು ಕಳಿಸುವ ಕ್ಯೂಆರ್ ಚೀಟಿ ಅಂಟಿಸಿದ್ದ. ‘ಇದೇನೋ?’ ಅಂದೆ. ‘ಅಪ್ಪ 64 ಅಂತಾರೆ, ನೀನು 56 ಅಂತೀಯ, ಅಮ್ಮ ಬುಟ್ಟಿಗೆಲ್ಲಿ ಬೋರ್ಡ್ ಇತ್ತು ಅಂತಾರೆ. ಬೋರ್ಡಿನವನು ಎರಡು ಸಲ ವಾಪಸ್ ಹೋದ. ನೀವೆಲ್ಲ ಮಾತಾಡ್ಕೊಂಡು ಹೇಳಿ, ಬರೆಸ್ತೀನಿ’ ಅಂದ.

ಅಂಗಡಿ ಮುಂದೆ ಸಣ್ಣ ಸ್ಲೇಟು ತೂಗುಹಾಕಿದ್ದ. ಸೀಮೆಸುಣ್ಣದಲ್ಲಿ ಬರೆದಿತ್ತು: ‘ಸೊಪ್ಪು 1 ಕಟ್ಟು 10, 3 ಕಟ್ಟು 25.’ ನಾನು ಅದನ್ನೇ ನೋಡುತ್ತ ನಿಂತೆ. ಯಾರು ಹೇಳಿಕೊಟ್ಟರು ಅಂದೆ. ಯಾರೂ ಇಲ್ಲ, ಎಲ್ಲರೂ ಹಿಂಗೇ ಮಾರ್ತಾರೆ, ಸಂಜೆಯೊಳಗೆ ಖಾಲಿ ಆಗ್ಬೇಕಲ್ಲ ಅಂದ. ಅವನಿಗೆ ಅಜ್ಜಿಯ ಕಾಲು ಪೈಸೆ ಲೆಕ್ಕ ಹೇಳಿದೆ. ಬಾಡಿದ ಎಲೆ ಕೀಳುತ್ತ ಕೇಳಿದ. ಮನಸ್ಸಿನಲ್ಲೇ ಏನೋ ಕೂಡಿಸಿ ಕಳೆದ.

‘ಅಲ್ಲಕ್ಕ, ಅಜ್ಜಿ ಸೇರಿಸಿ ಕಟ್ಟಿ ಕಾಲು ಪೈಸೆ ಜಾಸ್ತಿ ತಗೊಂಡ್ಳು. ನಾನು ಸೇರಿಸಿ ಕೊಟ್ಟು ಐದು ರೂಪಾಯಿ ಕಳ್ಕೊಳ್ತಿದೀನಿ’ ಅಂದ.

ಅಷ್ಟರಲ್ಲಿ ಒಬ್ಬರು ಬಂದು ಮೂರು ಕಟ್ಟು ಎತ್ತಿಕೊಂಡರು. ಕರಿಬೇವು ಹಾಕಪ್ಪ ಅಂದರು. ಹಾಕಿದ. ಕ್ಯೂಆರ್‌ಗೆ ಫೋನ್ ಹಿಡಿದರು. ‘ಇದು ಇವತ್ತಿಂದಾ?’ ಅಂತ ಕೇಳಿದರು. ತಮ್ಮ ನನ್ನ ಕಡೆ ಒಂದು ಸಲ ನೋಡಿ, ‘ಬೆಳಗ್ಗೆ ಬಂದಿದ್ದು ತಾಯಿ’ ಅಂದ. ನಾನು ಬಾಯಿ ಬಿಡಲಿಲ್ಲ.